ಹಬ್ಬ ಅವರದು, ಅರ್ಥ ಯಾರದು?

2025ರ ಏಪ್ರಿಲ್ 12, ಶನಿವಾರ. ಝಂಡೇವಾಲಾನ್ ಮತ್ತು ಕರೋಲ್ ಬಾಗ್ ನಿಲ್ದಾಣಗಳ ನಡುವೆ ಮೆಟ್ರೊ ಕಿಟಕಿಯಿಂದ ಕಾಣುವ 108 ಅಡಿಯ ಹನುಮಂತನನ್ನು ದೆಹಲಿಯ ಕನ್ನಡಿಗರೆಲ್ಲ ಒಮ್ಮೆಯಾದರೂ ನೋಡಿರುತ್ತೀರಿ. ಅವತ್ತು ಚೈತ್ರ ಪೌರ್ಣಮಿ, ಹನುಮ ಜಯಂತಿ. ಕೆಳಗೆ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಮರುದಿನದ ಗರಿಗಳ ಭಾನುವಾರಕ್ಕೆ ಬೇಕಾದ ಸಾಮಾನು ಹಿಡಿದುಕೊಂಡು ಆ ಜಂಗುಳಿಯಲ್ಲೇ ಮನೆ ಸೇರಿದೆ. ಅದೇ ಸಂಜೆ, ಖಾನ್ ಮಾರ್ಕೆಟ್ ಹತ್ತಿರದ ಹುಮಾಯೂನ್ ರಸ್ತೆಯಲ್ಲಿರುವ ಜೂಡಾ ಹ್ಯಾಮ್ ಸಿನಗಾಗ್ ನೆಚ್ಚಿಕೊಂಡಿರುವ ದೆಹಲಿಯ ಬೆರಳೆಣಿಕೆಯ ಯಹೂದಿ ಕುಟುಂಬಗಳಿಗೆ ಪಸ್ಕ ಹಬ್ಬ ಶುರುವಾಗಿತ್ತು. ಒಂದೇ ಹುಣ್ಣಿಮೆಯ ಕೆಳಗೆ ಮೂರು ಮನೆಯ ಸಡಗರ.

ನಮ್ಮ ಮಹಿಳಾ ವೇದಿಕೆಯ ಹಿರಿಯರೊಬ್ಬರು, ನಾನು ಆಂಟಿ ಎಂದು ಕರೆಯುವವರು, ಆ ವಾರ ಫೋನಿನಲ್ಲಿ ಕೇಳಿದರು: "ಅಲ್ಲಮ್ಮ, ನಿಮ್ಮ ಕ್ರಿಸ್‌ಮಸ್ ಯಾವಾಗಲೂ ಡಿಸೆಂಬರ್ 25. ಈ ಈಸ್ಟರ್ ಮಾತ್ರ ಯಾಕೆ ನಮ್ಮ ಯುಗಾದಿ ಥರ ಪ್ರತಿ ವರ್ಷ ಓಡಾಡುತ್ತೆ?" ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಅಷ್ಟು ಸಣ್ಣದಲ್ಲ. ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ಅದನ್ನೇ ಬರೆಯೋಣ ಎನಿಸಿತು.

ಓಡಾಡುವುದು ಚಂದ್ರನ ಕಾರಣದಿಂದ. ಯಹೂದಿ ಪಂಚಾಂಗವೂ ನಮ್ಮ ಪಂಚಾಂಗದ ಹಾಗೆ ಚಾಂದ್ರಮಾನದ ತಿಂಗಳುಗಳನ್ನು ಸೌರವರ್ಷಕ್ಕೆ ಹೊಂದಿಸುವಂಥದ್ದು. ನಮಗೆ ಅಧಿಕಮಾಸವಿದ್ದಂತೆ ಅವರಿಗೂ ಇದೆ, 19 ವರ್ಷಗಳಲ್ಲಿ 7 ಸಲ. ಅವರ ನಿಸಾನ್ ತಿಂಗಳು ಹೆಚ್ಚುಕಡಿಮೆ ನಮ್ಮ ಚೈತ್ರದ ಆಸುಪಾಸು ಬರುತ್ತದೆ. ಆ ತಿಂಗಳ ಹುಣ್ಣಿಮೆಗೆ ಪಸ್ಕ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ರಾತ್ರಿಯ ನೆನಪು ಅದು: ಕುರಿಮರಿ ಕೊಯ್ದು ಅದರ ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದ್ದು, ಹಿಟ್ಟು ಹುಳಿ ಬರುವವರೆಗೂ ಕಾಯದೆ ರೊಟ್ಟಿ ಸುಟ್ಟುಕೊಂಡು ಹೊರಟಿದ್ದು. ಯೇಸುವನ್ನು ಶಿಲುಬೆಗೇರಿಸಿದ್ದು ಈ ಹಬ್ಬದ ಸಮಯದಲ್ಲೇ ಎಂದು ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಆದ್ದರಿಂದ ಈಸ್ಟರ್ ಇಂದಿಗೂ ಆ ಹುಣ್ಣಿಮೆಯ ಬೆನ್ನಿಗೇ ತಿರುಗುತ್ತದೆ. ಆದರೂ ಎರಡೂ ಯಾವಾಗಲೂ ಒಟ್ಟಿಗೆ ಬರುವುದಿಲ್ಲ. 2024ರಲ್ಲಂತೂ ಈಸ್ಟರ್ ಮಾರ್ಚ್ 31ಕ್ಕೇ ಮುಗಿದಿತ್ತು. ಪಸ್ಕ ಶುರುವಾಗಿದ್ದು ಏಪ್ರಿಲ್ 22ರ ಸಂಜೆ. ಒಂದೇ ಬಳ್ಳಿಯ ಎರಡು ಹಬ್ಬ ಹೀಗೆ ದೂರವಾಗಿದ್ದು ಹೇಗೆ?

ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ, ಬಾಸೆಲ್ ಮಿಷನ್ ಪರಂಪರೆಯ ಸಭೆಯೊಂದರಲ್ಲಿ. ಸಂಡೇ ಸ್ಕೂಲಿನ ಗೋಡೆಗೆ ಒಂದು ದೊಡ್ಡ ಚಾರ್ಟ್ ತೂಗುಹಾಕಿದ್ದರು. ಎಡಗಡೆ ಯಾಜಕಕಾಂಡದ 23ನೆಯ ಅಧ್ಯಾಯದ ಏಳು ಹಬ್ಬಗಳು, ಬಲಗಡೆ ಅವುಗಳ "ನೆರವೇರಿಕೆ". ಪಸ್ಕದ ಕುರಿಮರಿ ಎಂದರೆ ಯೇಸುವಿನ ಮರಣ. ಹುಳಿಯಿಲ್ಲದ ರೊಟ್ಟಿ ಎಂದರೆ ಪಾಪವಿಲ್ಲದ ದೇಹ, ಸಮಾಧಿ. ಜವೆಗೋದಿಯ ಮೊದಲ ತೆನೆ ಎಂದರೆ ಪುನರುತ್ಥಾನ. ಅಲ್ಲಿಂದ ಐವತ್ತನೆಯ ದಿನ ಬರುವ ಗೋದಿ ಸುಗ್ಗಿ ಎಂದರೆ ಪವಿತ್ರಾತ್ಮನ ಇಳಿದುಬರುವಿಕೆ. ಶರತ್ಕಾಲದ ಮೂರು ಹಬ್ಬಗಳಾದ ಕೊಂಬೂದುವ ದಿನ, ದೋಷಪರಿಹಾರಕ ದಿನ, ಪರ್ಣಶಾಲೆಗಳ ಹಬ್ಬ ಇನ್ನೂ ಬಾಕಿ. ಯೇಸು ಮತ್ತೆ ಬಂದಾಗ ಅವೂ ನೆರವೇರುತ್ತವೆ. ಪ್ರತಿ ಸಾಲಿಗೂ ಒಂದು ಬಾಣದ ಗುರುತು. ಮುಂದೆ ಎಂಟೆಕ್ ಮಾಡಿ ಡೇಟಾ ಮ್ಯಾಪಿಂಗ್ ಕೆಲಸಕ್ಕೆ ಬಿದ್ದ ನನಗೆ ಅಂಥ ಚಾರ್ಟ್ ಇಷ್ಟವಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಡಗಡೆಯ ಹಬ್ಬಗಳನ್ನು ಈಗಲೂ ಯಾರಾದರೂ ಆಚರಿಸುತ್ತಾರೆಯೇ ಎಂದು ಆ ಚಾರ್ಟ್ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈ ಓದು ನಿನ್ನೆ ಮೊನ್ನೆಯದಲ್ಲ. ಕ್ರಿ.ಶ. 50ರ ದಶಕದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಕ್ರಿಸ್ತನನ್ನು ಪಸ್ಕದ ಕುರಿಮರಿ ಎಂದೂ ಸತ್ತವರಿಂದ ಎದ್ದ ಪ್ರಥಮಫಲವೆಂದೂ ಕರೆಯುತ್ತಾನೆ. ಆದರೆ ಅದೇ ಪತ್ರದ ಕೊನೆಯಲ್ಲಿ ತನ್ನ ಪ್ರಯಾಣದ ಯೋಜನೆ ಹೇಳುವಾಗ, ಐವತ್ತನೆಯ ದಿನದ ಹಬ್ಬದವರೆಗೆ ಎಫೆಸದಲ್ಲೇ ಇರುತ್ತೇನೆ ಎನ್ನುತ್ತಾನೆ. ನನಗೆ ಈ ಸಣ್ಣ ಸಾಲು ಬಹಳ ಮುಖ್ಯ ಅನಿಸುತ್ತದೆ. ಪೌಲ ಯಹೂದಿ, ಅವನ ಮನೆಯ ಗೋಡೆಯ ಕ್ಯಾಲೆಂಡರ್ ಯಹೂದಿ ಕ್ಯಾಲೆಂಡರೇ. ತನ್ನ ಹಬ್ಬದಲ್ಲಿ ತಾನೇ ಹೊಸ ಅರ್ಥ ಕಾಣುತ್ತಿದ್ದಾನೆ, ಹಬ್ಬವನ್ನು ಯಾರಿಂದಲೂ ಕಿತ್ತುಕೊಳ್ಳುತ್ತಿಲ್ಲ. ದೀಪಾವಳಿಗೆ ನಮ್ಮ ಮನೆಗಳಲ್ಲೇ ನರಕಾಸುರನ ಕಥೆ, ಬಲಿಯ ಕಥೆ, ರಾಮನ ಕಥೆ ಒಟ್ಟಿಗಿರುವ ಹಾಗೆ.

ಅರ್ಥ ಎಷ್ಟು ಬಲವಾಗಿತ್ತೆಂದರೆ ಕಥೆ ಹೇಳುವ ರೀತಿಯನ್ನೂ ಅದು ಮುಟ್ಟಿತು. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಯೇಸುವಿನ ಕಡೆಯ ಭೋಜನವೇ ಪಸ್ಕದ ಊಟ. ಯೋಹಾನನ ಪ್ರಕಾರ ಪಸ್ಕದ ಊಟ ಇನ್ನೂ ಆಗಿರಲಿಲ್ಲ. ಹಬ್ಬದ ಸಿದ್ಧತೆಯ ದಿನ, ಅಂದರೆ ದೇವಾಲಯದಲ್ಲಿ ಕುರಿಮರಿಗಳನ್ನು ಕೊಯ್ಯುವ ದಿನವೇ ಯೇಸು ಸತ್ತದ್ದು. ಪಸ್ಕದ ಮರಿಯ ಎಲುಬು ಮುರಿಯಬಾರದೆಂಬ ನಿಯಮವನ್ನು ನೆನಪಿಸುವಂತೆ ಯೇಸುವಿನ ಕಾಲುಗಳನ್ನು ಮುರಿಯಲಿಲ್ಲ ಎಂಬ ವಿವರವೂ ಯೋಹಾನನಲ್ಲಿ ಮಾತ್ರ ಸಿಗುತ್ತದೆ. ಯಾರ ದಿನಾಂಕ ಸರಿ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನಮ್ಮ ಚಾರ್ಟಿನಲ್ಲಿ ಈ ತೊಡಕಿಗೆ ಜಾಗವಿರಲಿಲ್ಲ.

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಜೆರೂಸಲೇಮಿನ ದೇವಾಲಯವನ್ನು ಸುಟ್ಟುಹಾಕಿತು. ಇನ್ನು ಕುರಿಮರಿ ಕೊಯ್ಯುವುದೆಲ್ಲಿ? ಯೇಸುವಿನ ಹಿಂಬಾಲಕರು ಒಂದು ಉತ್ತರ ಕಂಡುಕೊಂಡರು: ಕುರಿಮರಿ ಬಂದಾಗಿದೆ, ಬಲಿ ಮುಗಿದಿದೆ. ಯಹೂದಿ ಗುರುಗಳು ಇನ್ನೊಂದು ಉತ್ತರ ಕಂಡುಕೊಂಡರು: ಬಲಿಪೀಠ ಹೋದರೆ ಊಟದ ಮೇಜಿದೆ. ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹವಾದ ಮಿಶ್ನಾ ಗ್ರಂಥದಲ್ಲಿ ಪಸ್ಕದ ರಾತ್ರಿ ಮನೆಯಲ್ಲಿ ಹೇಗೆ ಕೂರಬೇಕು, ಮಕ್ಕಳು ಏನು ಕೇಳಬೇಕು, ಕುರಿಮರಿ, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು ಈ ಮೂರರ ಬಗ್ಗೆ ಏನು ಮಾತಾಡಬೇಕು ಎಂದೆಲ್ಲ ಇದೆ. ಇಂದಿನ ಸೇಡರ್ ಊಟ ಬೆಳೆದದ್ದು ಇದರಿಂದ. ಈಗ ಕೆಲವು ಕ್ರೈಸ್ತ ಸಭೆಗಳಲ್ಲಿ ಸೇಡರ್ ನಡೆಸಿ, ಬಟ್ಟೆಯೊಳಗಿನ ಮೂರು ರೊಟ್ಟಿ ತ್ರಿಯೇಕ ದೇವರು, ಮುರಿಯುವ ನಡುವಿನ ರೊಟ್ಟಿ ಯೇಸು ಎಂದು ವಿವರಿಸುವುದುಂಟು. ಕೇಳಲು ರೋಮಾಂಚನವಾಗುತ್ತದೆ, ನನಗೂ ಆಗಿತ್ತು. ಆದರೆ ಮೂರು ರೊಟ್ಟಿಯ ಆ ಪದ್ಧತಿ ಯೇಸುವಿನ ಕಾಲದ ನಂತರ, ಯಹೂದಿ ಮನೆಗಳಲ್ಲಿ ಯಹೂದಿ ಕಾರಣಗಳಿಗಾಗಿ ಬೆಳೆದದ್ದು. ಅದನ್ನು ಮುನ್ಸೂಚನೆ ಎನ್ನುವುದು ಕಾಲವನ್ನು ತಲೆಕೆಳಗು ಮಾಡಿದಂತೆ.

ಈಗಿನ ಟರ್ಕಿಯಲ್ಲಿರುವ ಸಾರ್ದಿಸ್ ಊರಿನ ಬಿಷಪ್ ಮೆಲಿಟೊ ಸುಮಾರು ಕ್ರಿ.ಶ. 160-170ರ ಹೊತ್ತಿಗೆ ಪಸ್ಕದ ಬಗ್ಗೆ ಒಂದು ಉಪದೇಶ ಮಾಡಿದ. ಗ್ರೀಕ್ ಭಾಷೆಯ ಆ ಉಪದೇಶ ಶತಮಾನಗಳ ಕಾಲ ಕಳೆದುಹೋಗಿ, ಪಪೈರಸ್ ಪ್ರತಿಯೊಂದರಿಂದ 1940ರಲ್ಲಿ ಅಚ್ಚಾಯಿತು. ಅದರಲ್ಲಿ ಅವನು ಕೊಡುವ ಹೋಲಿಕೆ ನನ್ನಂಥ ಸಾಫ್ಟ್‌ವೇರ್‌ನವರಿಗೆ ತಕ್ಷಣ ಅರ್ಥವಾಗುತ್ತದೆ. ಶಿಲ್ಪಿ ಮೊದಲು ಮೇಣದಲ್ಲೋ ಮಣ್ಣಿನಲ್ಲೋ ಒಂದು ಮಾದರಿ ಮಾಡುತ್ತಾನೆ. ಅಸಲು ಕೆಲಸ ಎದ್ದು ನಿಂತ ಮೇಲೆ ಆ ಮಾದರಿಗೆ ಬೆಲೆಯಿಲ್ಲ. ಯಹೂದಿ ಪಸ್ಕ ಅಂಥ ಮಾದರಿ. ಪ್ರೊಟೊಟೈಪ್ ಅಂತೀವಲ್ಲ, ಅದೇ. ಪ್ರೊಡಕ್ಟ್ ಬಂದ ಮೇಲೆ ಅದನ್ನು ಅಳಿಸಿಹಾಕುವುದು ನಮಗೆ ದಿನನಿತ್ಯದ ಕೆಲಸ.

ಸರ್ವರ್‌ನಿಂದ ಪ್ರೊಟೊಟೈಪ್ ಅಳಿಸಿದರೆ ಅಳುವವರಿಲ್ಲ. ಹಬ್ಬಕ್ಕಾದರೆ ಅದನ್ನು ಮಾಡುವ ಜನ ಇರುತ್ತಾರೆ. ಮೆಲಿಟೊ ಅದೇ ಉಪದೇಶದಲ್ಲಿ ಮುಂದುವರಿದು, ದೇವರನ್ನು ಕೊಂದವರು ಎಂಬ ಆರೋಪವನ್ನು ಇಡೀ ಇಸ್ರೇಲಿನ ಮೇಲೆ ಹೊರಿಸುತ್ತಾನೆ. ಮಾದರಿಗೆ ಬೆಲೆಯಿಲ್ಲ ಎಂಬಲ್ಲಿಂದ ಆ ಜನರಿಗೆ ಬೆಲೆಯಿಲ್ಲ ಎಂಬಲ್ಲಿಗೆ ಒಂದೇ ಪ್ರವಚನದಲ್ಲಿ ಬಂದುಬಿಟ್ಟ. 1962ರಲ್ಲಿ ಪುರಾತತ್ವಜ್ಞರು ಅದೇ ಸಾರ್ದಿಸ್‌ನಲ್ಲಿ ಅಗೆದಾಗ, ಮೆಲಿಟೊನ ಕಾಲದ ನಂತರ ಬಳಕೆಯಲ್ಲಿದ್ದ ಒಂದು ಭವ್ಯ ಸಿನಗಾಗ್ ಸಿಕ್ಕಿತು. ಪ್ರಾಚೀನ ಜಗತ್ತಿನ ಅತಿ ದೊಡ್ಡ ಸಿನಗಾಗ್‌ಗಳಲ್ಲಿ ಅದೂ ಒಂದು. ಬೆಲೆಯಿಲ್ಲದ ಮಾದರಿ ಎನಿಸಿಕೊಂಡವರು ಅದೇ ಊರಿನಲ್ಲಿ ಗಟ್ಟಿಯಾಗಿ ಬದುಕಿದ್ದರು.

ಸಾಮಾನ್ಯ ಕ್ರೈಸ್ತರು ಮಾತ್ರ ಇಷ್ಟು ಬೇಗ ಬೇಲಿ ಹಾಕಿಕೊಂಡಿರಲಿಲ್ಲ. ಕ್ರಿ.ಶ. 386-387ರಲ್ಲಿ ಅಂತಿಯೋಕ್ಯದಲ್ಲಿ ಪಾದ್ರಿಯಾಗಿದ್ದ ಜಾನ್ ಕ್ರಿಸೊಸ್ಟೊಮ್ ಎಂಟು ಉಗ್ರ ಪ್ರವಚನಗಳನ್ನು ಮಾಡಿದ. ಕಾರಣವೇನೆಂದರೆ ಅವನ ಸಭೆಯ ಜನ ಯಹೂದಿಗಳ ಶರತ್ಕಾಲದ ಹಬ್ಬಗಳಿಗೆ ಹೋಗುತ್ತಿದ್ದರು. ಕೊಂಬೂದುವ ಹಬ್ಬಕ್ಕೆ ನಿಮ್ಮ ಹೆಂಡಂದಿರು ಹೊರಟರೆ ಯಾಕೆ ತಡೆಯುವುದಿಲ್ಲ ಎಂದು ಗಂಡಂದಿರನ್ನು ಗದರುತ್ತಾನೆ. ಈ ಭಾಗ ಓದುವಾಗ ನನಗೆ ಆ ಹೆಸರಿಲ್ಲದ ಹೆಂಗಸರ ಮೇಲೇ ಕಣ್ಣು. ಪಕ್ಕದ ಮನೆಯ ಹಬ್ಬಕ್ಕೆ ಹೋಗಿಬರುವುದು ಅವರಿಗೆ ಸಹಜವಾಗಿತ್ತು. ಕರೋಲ್ ಬಾಗ್‌ನಲ್ಲಿ ನಾವು ಪಂಜಾಬಿ ಮನೆಯ ಲೋಹ್ರಿ ಬೆಂಕಿಗೆ ಹೋಗಿ ರೇವಡಿ ಹಿಡಿದುಕೊಂಡು ಬರುವ ಹಾಗೆ. ಅದಕ್ಕೂ ಮೊದಲೇ, ಕ್ರಿ.ಶ. 325ರ ನೈಸಿಯಾ ಮಹಾಸಭೆ ಈಸ್ಟರ್ ದಿನವನ್ನು ಯಹೂದಿಗಳ ಲೆಕ್ಕಕ್ಕೆ ಕಾಯದೆ ಎಲ್ಲರೂ ಒಂದೇ ದಿನ ಆಚರಿಸಬೇಕೆಂದು ತೀರ್ಮಾನಿಸಿತ್ತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರ ಎಂಬ ಲೆಕ್ಕ ಕಾಲಕ್ರಮೇಣ ನೆಲೆಯಾಯಿತು. ಆಂಟಿಯ ಪ್ರಶ್ನೆಗೆ ಪಂಚಾಂಗದ ಉತ್ತರ ಇಷ್ಟೇ.

ಇದರ ಇನ್ನೊಂದು ಮುಖ ಬರೆಯಲು ಕಷ್ಟ. ಹಬ್ಬ ಒಂದೇ ಋತುವಿನಲ್ಲಿ, ಆರೋಪವೂ ಅದೇ ಋತುವಿನಲ್ಲಿ. ಯೂರೋಪಿನಲ್ಲಿ ಶತಮಾನಗಳ ಕಾಲ ಈಸ್ಟರ್ ವಾರವೆಂದರೆ ಯಹೂದಿ ಕೇರಿಗಳಿಗೆ ಬಾಗಿಲು ಭದ್ರಪಡಿಸುವ ವಾರ. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಬಾಲಕನ ಕೊಲೆಯನ್ನು ಯಹೂದಿಗಳ ಮೇಲೆ ಹೊರಿಸಿದ ಕಥೆ ಬೆಳೆದು, ಪಸ್ಕದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೆರೆಸುತ್ತಾರೆಂಬ ಹಸಿ ಸುಳ್ಳಾಗಿ ಹರಡಿತು. 1903ರ ಈಸ್ಟರ್ ಭಾನುವಾರ ಆಗಿನ ರಷ್ಯಾದ ಕಿಶಿನೇವ್‌ನಲ್ಲಿ ಶುರುವಾದ ದೊಂಬಿಯಲ್ಲಿ 49 ಯಹೂದಿಗಳು ಸತ್ತರು. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಕ್ಯಾಥೊಲಿಕ್ ಧರ್ಮಸಭೆ ಅಧಿಕೃತವಾಗಿ ಹೇಳಿದ್ದು 1965ರ ಅಕ್ಟೋಬರ್ 28ರಂದು. ಅಂದರೆ ನಮ್ಮ ವೇದಿಕೆಯ ಹಿರಿಯ ಸದಸ್ಯೆಯರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಒಂದು ಓದು ಇಷ್ಟಕ್ಕೆಲ್ಲ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಹಬ್ಬ ನಮ್ಮದರ ನೆರಳಷ್ಟೇ ಎಂದು ಅಧಿಕಾರವಿರುವವರು ಹೇಳುವುದಕ್ಕೂ ಪೌಲನು ತನ್ನ ಹಬ್ಬದ ಬಗ್ಗೆ ತಾನೇ ಹೇಳಿಕೊಂಡದ್ದಕ್ಕೂ ಬಹಳ ಅಂತರವಿದೆ.

ಇದು ದೂರದ ಊರಿನ ವಿಷಯ ಅನಿಸಿದರೆ ಒಂದು ಮಾತು. ಇದೇ ಓದು ಭಾರತಕ್ಕೂ ಬಂದಿತ್ತು, ಈ ಸಲ ಯಹೂದಿ ಹಬ್ಬದ ಜಾಗದಲ್ಲಿ ವೇದದ ಯಜ್ಞ. ಕಲ್ಕತ್ತೆಯಲ್ಲಿ ಬ್ರಾಹ್ಮಣ ಮನೆತನದಿಂದ ಕ್ರೈಸ್ತರಾದ ಕೃಷ್ಣಮೋಹನ ಬ್ಯಾನರ್ಜಿ 1875ರಲ್ಲಿ ಪ್ರಕಟಿಸಿದ "ಏರಿಯನ್ ವಿಟ್ನೆಸ್" ಪುಸ್ತಕದಲ್ಲಿ, ತನ್ನನ್ನೇ ಆಹುತಿ ಕೊಟ್ಟ ಪ್ರಜಾಪತಿಯಲ್ಲಿ ಕ್ರಿಸ್ತನ ಮುಂಗುರುತು ಕಂಡರು. 1913ರಲ್ಲಿ ಜೆ. ಎನ್. ಫರ್ಕ್ಯುಹರ್ ಹಿಂದೂ ಧರ್ಮದ ಹಂಬಲಗಳೆಲ್ಲ ಕ್ರಿಸ್ತನಲ್ಲಿ ಪೂರ್ಣವಾಗುತ್ತವೆಂದು ಇಡೀ ಪುಸ್ತಕ ಬರೆದರು. ನಮ್ಮ ನಿಘಂಟಿನ ಕಿಟ್ಟೆಲ್ ಕೂಡ 1872ರಲ್ಲಿ ಮಂಗಳೂರಿನಿಂದ ಯಜ್ಞದ ವಿಷಯವಾಗಿ "ಯಜ್ಞಸುಧಾನಿಧಿ" ಎಂಬ ಕೃತಿ ತಂದಿದ್ದರು. ಈ ವಿಷಯವನ್ನು ನಮ್ಮ ವೇದಿಕೆಯಲ್ಲಿ ಪ್ರಸ್ತಾಪಿಸಿದಾಗ ಒಬ್ಬರು ನಕ್ಕರು, ಇನ್ನೊಬ್ಬರ ಮುಖ ಸಣ್ಣಗಾಯಿತು. ಬ್ಯಾನರ್ಜಿಯವರದು ಪೌಲನ ಥರದ ಮಾತು, ತನ್ನ ಹಿರಿಯರ ಆಸ್ತಿಯನ್ನು ಬಿಟ್ಟುಕೊಡಲಾರದವನ ಮಾತು. ಫರ್ಕ್ಯುಹರ್ ಅವರದು ಹೊರಗಿನಿಂದ ಬಂದವರ ಮಾತು. ಸಣ್ಣಗಾದ ಆ ಮುಖ ನೋಡಿದ ಮೇಲೆ ನನ್ನ ಸಂಡೇ ಸ್ಕೂಲ್ ಚಾರ್ಟನ್ನು ಯಹೂದಿ ಹೆಣ್ಣುಮಗಳೊಬ್ಬಳು ನೋಡಿದರೆ ಹೇಗಿರುತ್ತದೆಂದು ಮೊದಲ ಸಲ ಯೋಚಿಸಿದೆ.

ಕನ್ನಡ ಬೈಬಲ್ಲಿನ ಪದಗಳ ಬಗ್ಗೆಯೂ ಹೇಳಬೇಕು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಶುರುಮಾಡಿದ ಕೆಲಸ ಅನೇಕ ಪರಿಷ್ಕರಣೆಗಳನ್ನು ಕಂಡು ನಮ್ಮ ಕೈಗೆ ಬಂದಿದೆ. ಅದರಲ್ಲಿ ಯೋಹಾನನ ಏಳನೆಯ ಅಧ್ಯಾಯದ ಹಬ್ಬವನ್ನು "ಪರ್ಣಶಾಲೆಗಳ ಜಾತ್ರೆ" ಎಂದಿದ್ದಾರೆ. ಚಿಕ್ಕವಳಿದ್ದಾಗ ನನಗೆ ಸಿದ್ಧಾರೂಢರ ತೇರು, ಮಿರ್ಚಿ ಭಜಿ, ಚುರಮುರಿಯೇ ಕಣ್ಣಿಗೆ ಬರುತ್ತಿತ್ತು. ಈಗ ಗೊತ್ತಾಗಿದೆ, ಅದು ಬಹಳ ಸರಿಯಾದ ಪದ. ಮೂಲ ಹೀಬ್ರೂ ಪದ "ಹಗ್" ಜನ ಊರೂರಿಂದ ಹೊರಟುಬರುವ ಯಾತ್ರೆಯ ಹಬ್ಬವನ್ನು ಸೂಚಿಸುತ್ತದೆ. ಅರಬ್ಬಿಯ ಹಜ್ ಅದರ ಸೋದರ ಪದ. ಹಾಗೆಯೇ ಹಬ್ಬಗಳು ಬರಬೇಕಾದವುಗಳ ನೆರಳು ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿರುವ ಕಡೆ ನಮ್ಮ ಬೈಬಲ್ "ಛಾಯೆ" ಎನ್ನುತ್ತದೆ. ಆ ಅನುವಾದಕರು ಯೋಚಿಸಿದ್ದರೋ ಇಲ್ಲವೋ, ಛಾಯೆ ಎಂದರೆ ನಮ್ಮ ಕಡೆ ಬರಿಯ ನೆರಳಲ್ಲ. ಸೂರ್ಯನ ತಾಪ ತಾಳಲಾರದೆ ಸಂಜ್ಞೆ ತನ್ನ ಬದಲಿಗೆ ಬಿಟ್ಟುಹೋದ ಹೆಣ್ಣು ಛಾಯೆ. ಅವಳು ಸಂಸಾರ ಮಾಡಿದಳು, ಮಕ್ಕಳನ್ನು ಹೆತ್ತಳು. ಶನಿದೇವ ಅವಳ ಮಗ. ಅಸಲಿನವಳು ಮರಳಿ ಬಂದಳೆಂದು ಛಾಯೆ ಹೆತ್ತ ಮಕ್ಕಳು ಇಲ್ಲವಾಗಲಿಲ್ಲ.

ಶನಿ ಎಂದಾಗ ನೆನಪಾಗುವುದು ಕೊಂಕಣ ಕರಾವಳಿಯ "ಶನಿವಾರ ತೇಲಿ"ಗಳು. ದೆಹಲಿಯ ಸಿನಗಾಗ್ 1956ರಲ್ಲಿ ಕಟ್ಟಿದ್ದು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೆನೆ ಇಸ್ರೇಲ್ ಎಂಬ ಮರಾಠಿ ಮಾತಾಡುವ ಯಹೂದಿ ಸಮುದಾಯದವರು. ಇವರ ಪೂರ್ವಜರು ಕೊಂಕಣದ ಹಳ್ಳಿಗಳಲ್ಲಿ ಗಾಣಿಗರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಆ ಹೆಸರು. ಹೀಬ್ರೂ ಗ್ರಂಥಗಳಾಗಲಿ ಓದಬಲ್ಲ ಗುರುಗಳಾಗಲಿ ಅವರ ಬಳಿ ಇರಲಿಲ್ಲ. ಉಳಿದದ್ದು ಒಂದು ಪ್ರಾರ್ಥನೆ, ಶನಿವಾರದ ವಿರಾಮ, ಸುನ್ನತಿ, ಊಟದ ಕಟ್ಟುಪಾಡು, ಹಬ್ಬಗಳು. ಅದೇ ಸಮುದಾಯದ ಹಾಯಿಮ್ ಸಾಮ್ಯುಯೆಲ್ ಕೆಹೀಮ್ಕರ್ 1897ರಲ್ಲಿ ಬರೆದು ಮುಗಿಸಿದ, 1937ರಲ್ಲಷ್ಟೇ ಟೆಲ್ ಅವೀವ್‌ನಲ್ಲಿ ಅಚ್ಚಾದ ಇತಿಹಾಸದಲ್ಲಿ ಆ ಹಬ್ಬಗಳ ಮರಾಠಿ ಹೆಸರುಗಳಿವೆ. ಹೊಸ ವರ್ಷ "ನವ್ಯಾಚಾ ಸಣ್". ದೋಷಪರಿಹಾರಕ ದಿನ "ದಾರ್‌ಫಾಳ್ನೀಚಾ ಸಣ್", ಅಂದರೆ ಬಾಗಿಲು ಮುಚ್ಚುವ ಹಬ್ಬ. ಶರತ್ಕಾಲದಲ್ಲೇ ಇನ್ನೊಂದು "ಖೀರೀಚಾ ಸಣ್", ಖೀರಿನ ಹಬ್ಬ. ಪಸ್ಕಕ್ಕೆ "ಅನಾಶಿ ಢಾಕಾಚಾ ಸಣ್", ಹುಳಿ ಇಟ್ಟ ಪಾತ್ರೆಯನ್ನು ಮುಚ್ಚಿಡುವ ಹಬ್ಬ.

ಈ ಕೊನೆಯ ಹೆಸರು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ಈಜಿಪ್ಟ್ ಇಲ್ಲ, ಮೋಶೆ ಇಲ್ಲ, ಕುರಿಮರಿ ಇಲ್ಲ. ಆ ದಿನಗಳಲ್ಲಿ ಹುಳಿ ಪಾತ್ರೆಗೆ ಮುಚ್ಚಳ ಹಾಕಬೇಕು, ಮುಟ್ಟಬಾರದು, ಅಷ್ಟೇ. ಅಡುಗೆಮನೆ ಯಾರ ಕೈಯಲ್ಲಿತ್ತೋ ಹಬ್ಬವೂ ಅವರ ಕೈಯಲ್ಲೇ ಉಳಿದಿತ್ತು. ದೋಸೆ ಹಿಟ್ಟು ಹುಳಿ ಬರುವುದಕ್ಕೆ ದೆಹಲಿಯ ಜನವರಿಯಲ್ಲಿ ಕಂಬಳಿ ಹೊದಿಸುವ ನಮಗೆ ಆ ಪಾತ್ರೆ ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಿಲ್ಲ.

19ನೆಯ ಶತಮಾನದಲ್ಲಿ ಮಿಷನರಿಗಳು ಇವರ ಬಳಿಗೆ ಬಂದರು. ಅಮೆರಿಕನ್ ಮಿಷನ್ನಿನವರು ಶಾಲೆ ತೆರೆದರು. 1829ರಲ್ಲಿ ಬೊಂಬಾಯಿಗೆ ಬಂದ ಸ್ಕಾಟ್ಲೆಂಡಿನ ಜಾನ್ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದುಕೊಟ್ಟರು. ತಮ್ಮದೇ ಧರ್ಮಗ್ರಂಥ ಓದಲು ಬಂದರೆ ಹಬ್ಬಗಳ ಹಿಂದಿರುವ ಕ್ರಿಸ್ತ ತಾನಾಗಿ ಕಾಣುತ್ತಾನೆಂಬ ನಂಬಿಕೆ ಅವರದು. ಬೆನೆ ಇಸ್ರೇಲಿಗಳು ಓದಿದರು, ಚೆನ್ನಾಗಿಯೇ ಓದಿದರು. ಓದಿ, ಹುಳಿ ಪಾತ್ರೆ ಮುಚ್ಚುವುದು ಯಾಕೆಂದು ಅರ್ಥ ಮಾಡಿಕೊಂಡು, ಇನ್ನಷ್ಟು ಗಟ್ಟಿ ಯಹೂದಿಗಳಾದರು. ಮತಾಂತರವಾದವರು ಬಹಳ ಕಡಿಮೆ. ವ್ಯಾಕರಣ ಕಲಿಸಿದವರ ಬಗ್ಗೆ ಕೃತಜ್ಞತೆ ಮಾತ್ರ ಉಳಿಯಿತು. ಮಿಷನ್ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ "ಸೋಲು" ಇದು.

ನಾನು ನನ್ನ ನಂಬಿಕೆ ಬಿಟ್ಟಿಲ್ಲ. ಶುಭ ಶುಕ್ರವಾರ ಕುರಿಮರಿಯ ಮಾತು ಬಂದಾಗ ಈಗಲೂ ಗಂಟಲು ಕಟ್ಟುತ್ತದೆ. ಇಲ್ಲಿ ಮಕ್ಕಳಿಗೆ ಭಾನುವಾರ ಪಾಠ ಮಾಡುವಾಗ ಆ ಏಳು ಹಬ್ಬಗಳ ಚಾರ್ಟನ್ನು ನಾನೂ ಬರೆಯುತ್ತೇನೆ. ಬಾಣದ ಗುರುತುಗಳಿಗೆ ಪೆನ್ಸಿಲ್, ಇದು ನಾವು ಓದುವ ರೀತಿ ಎಂದು ಹೇಳಿ. ಜೊತೆಗೆ ಈಗ ಮೂರನೆಯ ಒಂದು ಕಾಲಂ ಸೇರಿಸಿದ್ದೇನೆ: ಈ ಹಬ್ಬವನ್ನು ಯಹೂದಿಗಳು ಈ ವರ್ಷ ಯಾವತ್ತು, ಹೇಗೆ ಮಾಡುತ್ತಾರೆ ಎಂದು. ಕಳೆದ ಪಸ್ಕದ ಪಾಠದಲ್ಲಿ ಹುಳಿ ಪಾತ್ರೆಯ ವಿಷಯ ಬಂತು. ಎಂಟು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, "ಹಾಗಾದರೆ ಅಷ್ಟು ದಿನ ಅವರ ಮನೆಯಲ್ಲಿ ದೋಸೆ ಇಲ್ಲವಾ, ಆಂಟಿ?" ಎಂದಳು. ಗೊತ್ತಿಲ್ಲ ಮಗಾ, ಹುಮಾಯೂನ್ ರಸ್ತೆಗೆ ಹೋಗಿ ಅವರನ್ನೇ ಕೇಳೋಣ ಎಂದೆ.